ಹದಿನೇಳರೊಳಗಿನವರ ಅರ್ಹತಾ ಹಾದಿ

ಫಿಫಾದ ವಿಶ್ವಕಪ್ ಪಂದ್ಯವೊಂದರಲ್ಲಿ ಭಾರತದ ಮೊದಲ ಗೋಲು ಬಂದದ್ದು 2017ರ ಅಕ್ಟೋಬರ್ 9ರಂದು, ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ. ಬೆಂಗಳೂರಿನ ಸಂಜೀವ್ ಸ್ಟಾಲಿನ್ ಒದ್ದ ಕಾರ್ನರ್‌ಗೆ ಮಣಿಪುರದ ಜೀಕ್ಸನ್ ಸಿಂಗ್ ಎಗರಿ ತಲೆ ಕೊಟ್ಟರು. ಕೊಲಂಬಿಯಾ ಎದುರು 1-1. ಗ್ಯಾಲರಿಯ ಗದ್ದಲ ಇಳಿಯುವ ಮೊದಲೇ ಕೊಲಂಬಿಯಾ ಇನ್ನೊಂದು ಗೋಲು ಹೊಡೆದು ಪಂದ್ಯ ಗೆದ್ದಿತು. ಹದಿನೇಳು ವರ್ಷದೊಳಗಿನವರ ಆ ಟೂರ್ನಿಯಲ್ಲಿ ಭಾರತ ಅಮೆರಿಕಕ್ಕೆ 0-3ರಿಂದಲೂ ಘಾನಾಕ್ಕೆ 0-4ರಿಂದಲೂ ಸೋತು ಹೊರಬಿತ್ತು. ನಮ್ಮ ಪತ್ರಿಕೆಗಳಲ್ಲಿ ಕಿರಿಯರ ಫುಟ್‌ಬಾಲ್ ಕುರಿತ ಮಾತು ಇಂದಿಗೂ ಈ ಮೂರು ಪಂದ್ಯಗಳನ್ನೇ ಸುತ್ತುತ್ತದೆ. ಆದರೆ ಆ ತಂಡ ಅಲ್ಲಿಗೆ ಬಂದದ್ದು ಆತಿಥೇಯರೆಂಬ ಕಾರಣಕ್ಕೆ; ಅರ್ಹತಾ ಸುತ್ತು ದಾಟಿ ಅಲ್ಲ. ಒಂದು ದೇಶದ ಕಿರಿಯರ ಆಟ ಎಲ್ಲಿದೆ ಎಂದು ಅಳೆಯಬೇಕಾದರೆ, ಆ ಆಟವನ್ನು ಬೆಳೆಸಬೇಕಾದರೆ, ನೋಡಬೇಕಾದದ್ದು ಅರ್ಹತಾ ಸುತ್ತನ್ನು. ಅಲ್ಲಿ ಎಷ್ಟು ಸ್ಥಾನ ಹಂಚುತ್ತಾರೆ ಎಂಬುದಕ್ಕಿಂತ ಎಷ್ಟು ಪಂದ್ಯ ಆಡಿಸುತ್ತಾರೆ, ಯಾರ ಎದುರು ಆಡಿಸುತ್ತಾರೆ, ಎಷ್ಟು ವರ್ಷಕ್ಕೊಮ್ಮೆ ಆಡಿಸುತ್ತಾರೆ ಎಂಬುದು ಮುಖ್ಯ. ಈ ಸುತ್ತಿನ ಅರ್ಧ ಶತಮಾನದ ಇತಿಹಾಸ ಹೇಳುವುದೂ ಅದನ್ನೇ.

ಕಿರಿಯರಿಗೆಂದು ಫಿಫಾ ನಡೆಸಿದ ಮೊದಲ ವಿಶ್ವ ಟೂರ್ನಿ 1977ರಲ್ಲಿ ಟ್ಯುನಿಷಿಯಾದಲ್ಲಿ ಆಯಿತು. ಅದು ಇಪ್ಪತ್ತು ವರ್ಷದೊಳಗಿನವರದು. ಹದಿನಾರರೊಳಗಿನವರ ಟೂರ್ನಿ 1985ರಲ್ಲಿ ಚೀನಾದಲ್ಲಿ ಶುರುವಾಗಿ, ನೈಜೀರಿಯಾ ಅದನ್ನು ಗೆದ್ದಿತು. 1991ರಲ್ಲಿ ವಯಸ್ಸಿನ ಮಿತಿ ಹದಿನೇಳಕ್ಕೆ ಏರಿತು. ಮೊದಲ ಎರಡು ದಶಕ ಅಂತಿಮ ಘಟ್ಟದಲ್ಲಿದ್ದದ್ದು ಹದಿನಾರೇ ತಂಡ. ಸ್ಥಾನ ಕಡಿಮೆ, ಬಯಸುವವರು ಬಹಳ. ಹೀಗಾಗಿ ಅರ್ಹತಾ ಸುತ್ತು ಬೇಡದವರನ್ನು ಕೆಳಗೆ ಬೀಳಿಸುವ ಜರಡಿಯಾಗಿಯೇ ಹುಟ್ಟಿತು. ಆಫ್ರಿಕಾದಲ್ಲಿ ಬಹುಕಾಲ ನಡೆದದ್ದು ತವರಿನಲ್ಲೊಂದು, ಎದುರಾಳಿಯ ನೆಲದಲ್ಲೊಂದು ಪಂದ್ಯದ ನಾಕೌಟ್. ಎರಡು ಪಂದ್ಯದ ಒಟ್ಟು ಗೋಲಿನಲ್ಲಿ ಹಿಂದೆ ಬಿದ್ದರೆ ಒಂದು ತಲೆಮಾರಿನ ಕತೆ ಅಲ್ಲಿಗೇ ಮುಗಿಯಿತು. 2013 ಮತ್ತು 2015ರಲ್ಲಿ ಸತತವಾಗಿ ವಿಶ್ವಕಪ್ ಗೆದ್ದ ನೈಜೀರಿಯಾ 2017ರಲ್ಲಿ ಭಾರತಕ್ಕೆ ಬರಲೇ ಇಲ್ಲ. ಖಂಡದ ಅರ್ಹತಾ ಹಂತದಲ್ಲೇ ಪಕ್ಕದ ನೈಜರ್ ಅದನ್ನು ಮನೆಗೆ ಕಳಿಸಿತ್ತು. ಮೊದಲ ಬಾರಿ ವಿಶ್ವಕಪ್‌ಗೆ ಬಂದ ನೈಜರ್ ಕೊಚ್ಚಿಯಲ್ಲಿ ಉತ್ತರ ಕೊರಿಯಾವನ್ನೂ ಸೋಲಿಸಿತು. ಬಡ ದೇಶವೊಂದು ದೈತ್ಯನನ್ನು ಕೆಡವಿದ್ದು ಖುಷಿಯ ಸಂಗತಿಯೇ. ಆದರೆ ಆ ಸಾಲಿನ ನೈಜೀರಿಯಾದ ಹುಡುಗರಿಗೆ ಸಿಕ್ಕ ಪಂದ್ಯಗಳನ್ನು ಎಣಿಸಿದರೆ ಆ ಪದ್ಧತಿ ಎಷ್ಟು ಜಿಪುಣವಾಗಿತ್ತೆಂದು ತಿಳಿಯುತ್ತದೆ.

ದಕ್ಷಿಣ ಅಮೆರಿಕ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಅಲ್ಲಿ ಇರುವುದೇ ಹತ್ತು ಸದಸ್ಯ ದೇಶ. ಹತ್ತನ್ನೂ ಒಂದೇ ಕಡೆ ಕರೆದು, ಐದೈದರ ಎರಡು ಗುಂಪು ಮಾಡಿ, ಆಮೇಲೆ ಆರು ತಂಡಗಳ ಅಂತಿಮ ಸುತ್ತು ಆಡಿಸುವ ಕ್ರಮವನ್ನು ಅವರು ಬಹುಕಾಲ ಪಾಲಿಸಿದರು. ಗುಂಪಿನ ತಳದಲ್ಲಿ ಉಳಿಯುವ ತಂಡಕ್ಕೂ ನಾಲ್ಕು ಪಂದ್ಯ ಖಾತ್ರಿ, ಮೇಲೇರಿದವರಿಗೆ ಒಂಬತ್ತು. ಬ್ರೆಜಿಲ್, ಅರ್ಜೆಂಟೀನಾ ಎದುರು ಆಡಿ ಸೋತರೂ ಬೊಲಿವಿಯಾ, ವೆನೆಜುವೆಲಾದ ಹುಡುಗರು ಖಂಡದ ಮೇಲ್ಮಟ್ಟದ ವೇಗ ಏನೆಂದು ಕಂಡು ಮನೆಗೆ ಹೋಗುತ್ತಾರೆ. ಯುರೋಪು ನಡುದಾರಿ ಹಿಡಿಯಿತು. ಐವತ್ತಕ್ಕೂ ಹೆಚ್ಚು ದೇಶಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದು ದೇಶ ಆತಿಥ್ಯ ವಹಿಸಿ, ವಾರದೊಳಗೆ ಮೂರು ಪಂದ್ಯ ಮುಗಿಸುವುದು. ದಾಟಿದವರಿಗೆ ಮುಂದಿನ ವಸಂತದಲ್ಲಿ ಎಲೀಟ್ ಎಂಬ ಎರಡನೇ ಸುತ್ತು ಇರುತ್ತಿತ್ತು. ಈಚೆಗೆ ಅಲ್ಲಿ ಬಂದ ಬದಲಾವಣೆ ಗಮನಾರ್ಹ: ಮೊದಲ ಸುತ್ತಿನಲ್ಲಿ ಹಿಂದುಳಿದವರನ್ನು ಮನೆಗೆ ಅಟ್ಟುವ ಬದಲು ‘ಬಿ’ ಲೀಗ್‌ಗೆ ಇಳಿಸಿ, ತಮ್ಮ ಮಟ್ಟದವರ ಜೊತೆ ಮತ್ತೆ ಆಡಿಸುತ್ತಾರೆ. ಸೋತವರಿಗೂ ಪಂದ್ಯ ಬೇಕು ಎಂಬ ತಿಳಿವಳಿಕೆ ನಿಯಮಾವಳಿಯ ರೂಪ ಪಡೆದದ್ದು ಹೀಗೆ.

ಏಷ್ಯಾದ್ದು ಬೇರೆಯೇ ತೊಡಕು. ಜಪಾನ್, ಕೊರಿಯಾ, ಇರಾನ್, ಉಜ್ಬೇಕಿಸ್ತಾನ ಒಂದು ಕಡೆ. ಬ್ರೂನೈ, ಮಾಲ್ಡೀವ್ಸ್ ಇನ್ನೊಂದು ಕಡೆ. ಇವರನ್ನೆಲ್ಲ ಒಂದೇ ಚೀಟಿಯಲ್ಲಿ ಹಾಕಿ ಗುಂಪು ಮಾಡಿದರೆ ಅರ್ಧಕ್ಕರ್ಧ ಪಂದ್ಯ ಯಾರಿಗೂ ಏನೂ ಕಲಿಸುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡಿನಲ್ಲಿ ನಡೆದ ಗುಂಪನ್ನೇ ನೋಡಿ. ಭಾರತ ಬ್ರೂನೈಯನ್ನು 13-0ರಿಂದ ಬಗ್ಗುಬಡಿಯಿತು, ತುರ್ಕಮೆನಿಸ್ತಾನವನ್ನು 1-0ರಿಂದ ಸೋಲಿಸಿತು, ಕೊನೆಗೆ ಆತಿಥೇಯ ಥಾಯ್ಲೆಂಡಿಗೆ 2-3ರಿಂದ ಸೋತು, ವಿಶ್ವಕಪ್‌ಗೆ ಹಾದಿಯಾದ ಏಷ್ಯನ್ ಕಪ್‌ನ ಅವಕಾಶ ಕಳೆದುಕೊಂಡಿತು. ಮೂರರಲ್ಲಿ ನಿಜವಾದ ಪರೀಕ್ಷೆ ಎನ್ನಬಹುದಾದ್ದು ಎರಡೇ. ಗೋಲು ವ್ಯತ್ಯಾಸದ ಲೆಕ್ಕಕ್ಕೆ ಹದಿಮೂರು ಗೋಲು ಬೇಕಾಗಬಹುದು. ಹದಿನಾರರ ಹುಡುಗನ ಕಾಲಿಗೆ ಅದರಿಂದ ಏನೂ ಬಾರದು. ಬ್ರೂನೈ ಹುಡುಗರ ಕಡೆಯಿಂದ ಯೋಚಿಸುವವರಂತೂ ಇನ್ನೂ ಕಡಿಮೆ.

ಇನ್ನು ವರ್ಷದ ಲೆಕ್ಕ. ನನ್ನ ಮಟ್ಟಿಗೆ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅನ್ಯಾಯದ್ದೂ ಅತಿ ಕಡಿಮೆ ಚರ್ಚೆಯಾದದ್ದೂ ಇದೇ. ಟೂರ್ನಿ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದಾಗ 2017ಕ್ಕೆ ಅರ್ಹರಾಗಲು 2000ದ ಜನವರಿ 1ರ ನಂತರ ಹುಟ್ಟಿರಬೇಕಿತ್ತು; 2019ಕ್ಕೆ 2002ರ ಜನವರಿ 1ರ ನಂತರ. ನಡುವೆ 2001ರಲ್ಲಿ ಹುಟ್ಟಿದವನ ಗತಿ? ಒಂದರಲ್ಲಿ ತನಗಿಂತ ವರ್ಷ ದೊಡ್ಡವರ ಜೊತೆ ಜಾಗಕ್ಕೆ ಗುದ್ದಾಡಬೇಕು, ಇನ್ನೊಂದರಲ್ಲಿ ವಯಸ್ಸು ಮೀರಿರುತ್ತದೆ. ಹದಿಹರೆಯದಲ್ಲಿ ಒಂದು ವರ್ಷವೆಂದರೆ ಎತ್ತರ, ತೂಕ, ಓಟ ಎಲ್ಲದರಲ್ಲೂ ದೊಡ್ಡ ಅಂತರ. ಇದರ ಮೇಲೆ ಕೊರೊನಾ ಬಂತು. 2019ರ ಸೆಪ್ಟೆಂಬರ್‌ನಲ್ಲಿ ತಾಷ್ಕೆಂಟಿನಲ್ಲಿ ಉಜ್ಬೇಕಿಸ್ತಾನದ ಎದುರು 1-1 ಡ್ರಾ ಮಾಡಿಕೊಂಡು, ಗುಂಪಿನ ಅಗ್ರಸ್ಥಾನ ಗಳಿಸಿ ಏಷ್ಯನ್ ಟೂರ್ನಿಗೆ ಅರ್ಹವಾಗಿದ್ದ ಭಾರತದ ಹುಡುಗರು ಆ ಟೂರ್ನಿಯನ್ನು ಆಡಲೇ ಇಲ್ಲ. ಬಹರೈನ್‌ನಲ್ಲಿ ನಡೆಯಬೇಕಿದ್ದ ಅದು ರದ್ದಾಯಿತು, ಪೆರುವಿನಲ್ಲಿ ಆಗಬೇಕಿದ್ದ 2021ರ ವಿಶ್ವಕಪ್ಪೂ ರದ್ದಾಯಿತು. ಮುಂದಿನ ಟೂರ್ನಿ ಬರುವಷ್ಟರಲ್ಲಿ ಅವರು ದೊಡ್ಡವರಾಗಿದ್ದರು.

2025ರಿಂದ ಫಿಫಾ ಈ ಟೂರ್ನಿಯನ್ನು ಪ್ರತಿ ವರ್ಷವೂ ನಡೆಸುತ್ತಿದೆ. 2029ರವರೆಗಿನ ಐದೂ ಕತಾರಿನಲ್ಲಿ. ತಂಡಗಳ ಸಂಖ್ಯೆ 2007ರಲ್ಲಿ 24ಕ್ಕೆ ಏರಿತ್ತು, ಈಗ 48. ಹಂಚಿಕೆಯಲ್ಲಿ ಯುರೋಪಿಗೆ 11, ಆಫ್ರಿಕಾಕ್ಕೆ 10, ಆತಿಥೇಯ ಕತಾರ್ ಸೇರಿ ಏಷ್ಯಾಕ್ಕೆ 9, ಉತ್ತರ ಹಾಗೂ ಮಧ್ಯ ಅಮೆರಿಕಕ್ಕೆ 8, ದಕ್ಷಿಣ ಅಮೆರಿಕಕ್ಕೆ 7, ಓಷಿಯಾನಿಯಾಕ್ಕೆ 3. ಎಲ್ಲರ ಕಣ್ಣು 48ರ ಮೇಲೆ. ನನಗೆ ದೊಡ್ಡದಾಗಿ ಕಾಣುವುದು ‘ಪ್ರತಿ ವರ್ಷ’ ಎಂಬ ಭಾಗ. ಯಾವ ವರ್ಷದಲ್ಲಿ ಹುಟ್ಟಿದರೂ ಈಗ ಅವನದೇ ಒಂದು ಅರ್ಹತಾ ಸುತ್ತು ಇದೆ. ಥಾಯ್ಲೆಂಡಿನಲ್ಲಿ ಸೋತ ಭಾರತ ಎರಡು ವರ್ಷ ಕಾಯಬೇಕಾಗಲಿಲ್ಲ. ವರ್ಷ ತಿರುಗುತ್ತಲೇ ಅಹಮದಾಬಾದಿನಲ್ಲಿ ಮುಂದಿನ ಸುತ್ತು. ಅಲ್ಲಿ ಪ್ಯಾಲೆಸ್ಟೀನ್ ಜೊತೆ 1-1, ಚೈನೀಸ್ ತೈಪೆ ವಿರುದ್ಧ 3-1, ಲೆಬನಾನ್ ಕೈಲಿ 0-2. ನವೆಂಬರ್ 30ರ ಕೊನೆಯ ಪಂದ್ಯದಲ್ಲಿ ಇರಾನನ್ನು ಸೋಲಿಸದೆ ಬೇರೆ ದಾರಿ ಇರಲಿಲ್ಲ. ಬಿಬಿಯಾನೊ ಫರ್ನಾಂಡಿಸ್ ತರಬೇತಿಯ ತಂಡ ಮೊದಲು ಒಂದು ಗೋಲು ಬಿಟ್ಟುಕೊಟ್ಟು ಆಮೇಲೆ 2-1ರಿಂದ ಗೆದ್ದು, ಸೌದಿ ಅರೇಬಿಯಾದ 2026ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಹಿಂದಿನ ವಿಶ್ವಕಪ್ ಆಡಿದ ಒಂಬತ್ತು ಏಷ್ಯನ್ ತಂಡಗಳಿಗೆ ಆ ಬಾರಿ ಅರ್ಹತಾ ಸುತ್ತಿನಿಂದ ವಿನಾಯಿತಿ ಇತ್ತು. ಉಳಿದವರಲ್ಲಿ ಏಳು ಗುಂಪು, ಪ್ರತಿ ಗುಂಪಿನ ಅಗ್ರಸ್ಥಾನಿಗೆ ಮಾತ್ರ ಪ್ರವೇಶ. ಬಲಿಷ್ಠರು ಹೊರಗುಳಿದದ್ದರಿಂದ ಗುಂಪಿನೊಳಗಿನ ಅಂತರ ಕುಗ್ಗಿ, ಪ್ರತಿ ಪಂದ್ಯಕ್ಕೂ ತೂಕ ಬಂತು.

ಪ್ರತಿ ವರ್ಷವೂ 48 ತಂಡ ಆಡಿಸುವುದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಗುಣಮಟ್ಟದ್ದು. 2025ರ ನವೆಂಬರ್‌ನಲ್ಲಿ ಮೊರಾಕ್ಕೊ ನ್ಯೂ ಕ್ಯಾಲೆಡೋನಿಯಾವನ್ನು 16-0ರಿಂದ ಸೋಲಿಸಿತು. ಬಾಗಿಲು ಅಗಲ ಮಾಡಿದರೆ ಹೀಗೇ ಆಗುವುದು ಎಂದರು ಹಲವರು. ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಇದೇ ನ್ಯೂ ಕ್ಯಾಲೆಡೋನಿಯಾ 2017ರಲ್ಲಿ ಕೋಲ್ಕತ್ತಾದಲ್ಲಿ ಜಪಾನನ್ನು 1-1ಕ್ಕೆ ಕಟ್ಟಿಹಾಕಿತ್ತು. ಇದೇ ಮೊರಾಕ್ಕೊ ಆ 16-0 ಪಂದ್ಯಕ್ಕೆ ಮೊದಲು ಪೋರ್ಚುಗಲ್‌ಗೆ 0-6ರಿಂದ ಸೋತಿತ್ತು, ಆಮೇಲೆ ಎಂಟರ ಘಟ್ಟವನ್ನೂ ತಲುಪಿತು. ಈ ವಯಸ್ಸಿನಲ್ಲಿ ಒಂದು ಫಲಿತಾಂಶ ಹಿಡಿದು ದೇಶದ ಯೋಗ್ಯತೆ ಅಳೆಯಲಾಗದು. ಓಷಿಯಾನಿಯಾದ ಅಸಲಿ ಕೊರತೆ ಬೇರೆ: ನ್ಯೂಜಿಲೆಂಡ್ ಬಿಟ್ಟರೆ ಅರ್ಹತಾ ಹಂತದಲ್ಲಿ ಅಲ್ಲಿಯವರನ್ನು ಒರೆಗೆ ಹಚ್ಚುವವರಿಲ್ಲ. ಮೂರನೇ ಸ್ಥಾನ ಕೊಟ್ಟದ್ದಕ್ಕಿಂತ, ಅಲ್ಲಿಗೆ ಹೋಗುವ ಹಾದಿ ಸಪಾಟಾಗಿರುವುದು ತಪ್ಪು. ಅರ್ಹತಾ ಸುತ್ತು ದಾಟದೆ ನೇರ ಪ್ರವೇಶ ಪಡೆದ ಆತಿಥೇಯ ಭಾರತಕ್ಕೆ ಆದದ್ದೂ ಇದೇ. 2022ರ ಬಾಲಕಿಯರ ವಿಶ್ವಕಪ್‌ನಲ್ಲಿ ಭುವನೇಶ್ವರದಲ್ಲಿ ನಮ್ಮವರು ಅಮೆರಿಕಕ್ಕೆ 0-8, ಮೊರಾಕ್ಕೊಗೆ 0-3, ಬ್ರೆಜಿಲ್‌ಗೆ 0-5ರಿಂದ ಸೋತರು. ಇದರ ಪಕ್ಕಕ್ಕೆ 2018ರಲ್ಲಿ ಮಲೇಷ್ಯಾದಲ್ಲಿ ನಡೆದ ಬಾಲಕರ ಏಷ್ಯನ್ ಟೂರ್ನಿಯನ್ನು ಇಡಿ. ಅರ್ಹತೆ ಗಳಿಸಿ ಹೋದ ಹುಡುಗರು ವಿಯೆಟ್ನಾಮನ್ನು ಸೋಲಿಸಿ, ಇರಾನ್ ಮತ್ತು ಇಂಡೊನೇಷ್ಯಾವನ್ನು ಗೋಲಿಲ್ಲದೆ ತಡೆದು, ಎಂಟರ ಘಟ್ಟದಲ್ಲಿ ದಕ್ಷಿಣ ಕೊರಿಯಾಕ್ಕೆ ಸೋತದ್ದು ಬರೀ 0-1ರಿಂದ. ವಿಶ್ವಕಪ್‌ಗೆ ಬೇಕಿದ್ದದ್ದು ಆ ಒಂದು ಗೆಲುವು. ಅಷ್ಟು ಹತ್ತಿರ ಹೋದ ತಂಡದ ಹೆಸರು ಇಂದು ಯಾರಿಗೂ ನೆನಪಿಲ್ಲ. ವಿಶ್ವಕಪ್ ಆಡಿದವರದು ಮಾತ್ರ ನೆನಪಿದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಅರ್ಹತೆಗೆ ಬೆಲೆ ಏರಿದಷ್ಟೂ ವಯಸ್ಸಿನ ಕಳ್ಳಲೆಕ್ಕವೂ ಏರುತ್ತದೆ ಎನ್ನುವುದು. ಇದಕ್ಕೆ ಸಾಕ್ಷಿ ಇತಿಹಾಸದಲ್ಲೇ ಇದೆ, ಅದೂ ಅರ್ಹತಾ ಸುತ್ತಿನದೇ. 1988ರಲ್ಲಿ ಇಪ್ಪತ್ತರೊಳಗಿನವರ ಅರ್ಹತಾ ಟೂರ್ನಿಗೆ ಮೆಕ್ಸಿಕೊ ವಯಸ್ಸು ಮೀರಿದವರನ್ನು ಇಳಿಸಿತು. ಅವರ ನಿಜವಾದ ಜನ್ಮದಿನಾಂಕ ಮೆಕ್ಸಿಕೊ ಒಕ್ಕೂಟದ್ದೇ ವಾರ್ಷಿಕ ಕೈಪಿಡಿಯಲ್ಲಿ ಅಚ್ಚಾಗಿತ್ತು. ಪತ್ರಕರ್ತರೊಬ್ಬರು ಅದನ್ನು ಹಿಡಿದರು. ಫಿಫಾ ಎರಡು ವರ್ಷ ಮೆಕ್ಸಿಕೊದ ಎಲ್ಲ ತಂಡಗಳನ್ನೂ ನಿಷೇಧಿಸಿತು. ಸೋಲ್ ಒಲಿಂಪಿಕ್ಸೂ ಹೋಯಿತು, 1990ರ ಹಿರಿಯರ ವಿಶ್ವಕಪ್ಪೂ ಹೋಯಿತು. ಮರುವರ್ಷ ನೈಜೀರಿಯಾದ ಕಿರಿಯರ ತಂಡಗಳಿಗೂ ಇಂಥದೇ ಕಾರಣಕ್ಕೆ ಎರಡು ವರ್ಷದ ನಿಷೇಧ ಬಿತ್ತು. ಕಾಗದ ನಂಬುವಂತಿಲ್ಲವೆಂದಾದ ಮೇಲೆ ಎಂಆರ್‌ಐ ಬಂತು. ಮುಂಗೈ ಮೂಳೆಯ ಬೆಳೆಯುವ ತುದಿ ಮಣಿಕಟ್ಟಿನ ಬಳಿ ಪೂರ್ತಿ ಬೆಸೆದುಕೊಂಡಿದ್ದರೆ ಹುಡುಗ ಹದಿನೇಳು ದಾಟಿರುವ ಸಾಧ್ಯತೆ ಬಹಳ ಹೆಚ್ಚು. ಹದಿನೇಳರೊಳಗೇ ಹಾಗೆ ಬೆಸೆದಿರುವುದು ನೂರಕ್ಕೆ ಒಬ್ಬನಿಗಿಂತ ಕಡಿಮೆ ಹುಡುಗರಲ್ಲಿ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎಕ್ಸ್‌ರೇಯ ವಿಕಿರಣದ ಭಯ ಇದರಲ್ಲಿಲ್ಲ. 2009ರ ವಿಶ್ವಕಪ್‌ನಿಂದ ಇದು ಬಳಕೆಯಲ್ಲಿದೆ. 2023ರ ಆರಂಭದಲ್ಲಿ, ವಲಯ ಮಟ್ಟದ ಅರ್ಹತಾ ಟೂರ್ನಿಗೆ ಸಜ್ಜಾಗುತ್ತಿದ್ದ ಕ್ಯಾಮರೂನ್ ಶಿಬಿರದ 30 ಆಟಗಾರರಲ್ಲಿ 21 ಮಂದಿ ಈ ಪರೀಕ್ಷೆಯಲ್ಲಿ ಬಿದ್ದರು. ಅಲ್ಲಿನ ಒಕ್ಕೂಟವೇ ಪರೀಕ್ಷೆ ಮಾಡಿಸಿ, ಅವರನ್ನು ಕೈಬಿಟ್ಟು, ಹೊಸಬರನ್ನು ಕರೆದು ಕಟ್ಟಿದ ತಂಡ ಖಂಡದ ಟೂರ್ನಿಗೆ ಅರ್ಹತೆಯನ್ನೂ ಗಳಿಸಿತು. ಮೋಸ ಮಾಡದಿದ್ದರೆ ಗೆಲುವಿಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಅವಕಾಶ ಎರಡು ವರ್ಷಕ್ಕೊಮ್ಮೆ, ಎರಡೇ ಪಂದ್ಯದಲ್ಲಿ ತೀರ್ಮಾನವಾಗುವಾಗ ಮೋಸದ ಆಸೆ ಹೆಚ್ಚು. ಪ್ರತಿ ವರ್ಷ ಬಾಗಿಲು ತೆರೆದರೆ ಆ ಆಸೆ ಸ್ವಲ್ಪವಾದರೂ ತಗ್ಗಬೇಕು ಎಂಬುದು ನನ್ನ ಊಹೆ.

ಖರ್ಚಿನ ಮಾತೂ ಇದೆ, ಓದಿನ ಮಾತೂ ಇದೆ. ವರ್ಷವರ್ಷವೂ ಶಿಬಿರ, ವಿಮಾನ, ತಪ್ಪಿದ ಪರೀಕ್ಷೆಗಳು. ಆದರೆ ಎರಡು ವಾರದ ಅರ್ಹತಾ ಸುತ್ತಿಗಾಗಿ ಮಕ್ಕಳನ್ನು ತಿಂಗಳುಗಟ್ಟಲೆ ಶಿಬಿರದಲ್ಲಿ ಕೂಡಿಹಾಕುವುದು ಪಂದ್ಯಗಳು ವಿರಳವಾಗಿದ್ದ ಕಾಲದ ರೂಢಿ. ಊರಿನ ಲೀಗ್‌ನಲ್ಲೇ ವರ್ಷಪೂರ್ತಿ ಬಿಗಿಯಾದ ಪಂದ್ಯ ಸಿಗುವ ದೇಶಗಳಿಗೆ ಅಷ್ಟು ಉದ್ದದ ಶಿಬಿರ ಬೇಕಾಗುವುದಿಲ್ಲ.

ಹುಡುಗಿಯರ ಕಡೆ ಈ ಸುಧಾರಣೆ ಅರ್ಧ ದಾರಿಯಲ್ಲೇ ನಿಂತಿದೆ. ಅವರ ಹದಿನೇಳರೊಳಗಿನ ವಿಶ್ವಕಪ್ಪೂ 2025ರಿಂದ ಮೊರಾಕ್ಕೊದಲ್ಲಿ ವಾರ್ಷಿಕವಾಗಿದೆ, ಆದರೆ ತಂಡಗಳು 24 ಮಾತ್ರ. 2025ರ ಅಕ್ಟೋಬರ್‌ನಲ್ಲಿ ಬಿಷ್ಕೆಕ್‌ನಲ್ಲಿ ಭಾರತದ ಬಾಲಕಿಯರು ಕಿರ್ಗಿಸ್ತಾನವನ್ನೂ ಉಜ್ಬೇಕಿಸ್ತಾನವನ್ನೂ 2-1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಗಳಿಸಿದರು. ಗುಂಪಿನಲ್ಲಿ ಇದ್ದದ್ದೇ ಮೂರು ತಂಡ. ಗೆದ್ದವರಿಗೆ ಮುಂದಿನ ಟೂರ್ನಿ ಇತ್ತು. ಸೋತ ಎರಡು ದೇಶಗಳ ಹುಡುಗಿಯರಿಗೆ ಆ ಸಾಲಿನ ಅರ್ಹತಾ ಫುಟ್‌ಬಾಲ್ ಎರಡು ಪಂದ್ಯಗಳಲ್ಲಿ, ನೂರೆಂಬತ್ತು ನಿಮಿಷಕ್ಕೆ ಮುಗಿಯಿತು.