ಕ್ರಾಸ್‌ಹೇರ್
ಶೂಟರ್ ವಿಡಿಯೊ ಗೇಮ್‌ಗಳಲ್ಲಿ ಪರದೆಯ ನಡುವೆ ನಿಂತು ಗುಂಡಿನ ಗುರಿಯನ್ನು ತೋರಿಸುವ ಚಿಹ್ನೆ. ಬಂದೂಕಿನ ದೂರದರ್ಶಕದೊಳಗಿನ ಅಡ್ಡ-ಉದ್ದ ಗೆರೆಗಳೇ ಇದರ ಮೂಲ. ಚುಕ್ಕಿ, ವೃತ್ತ ರೂಪಗಳೂ ಉಂಟು. ವಾಲ್ವ್ ಕಂಪನಿಯ ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್ (2012) ಆಟದಲ್ಲಿ ಕೆಂಪು, ಹಸಿರು, ನೀಲಿ ಅಂಶಗಳಿಗೆ 0ಯಿಂದ 255ರವರೆಗೆ ಬೆಲೆ ಕೊಟ್ಟು ಇದರ ಬಣ್ಣ ಹೊಂದಿಸಬಹುದು. ಪಾರದರ್ಶಕತೆಯನ್ನು ನಿರ್ಧರಿಸುವ ಆಲ್ಫಾ ಬೆಲೆಗೂ ಇದೇ ಮಿತಿ: 0 ಇಟ್ಟರೆ ಗೆರೆ ಕಾಣದು, 255 ಇಟ್ಟರೆ ಅದರ ಹಿಂದಿನ ದೃಶ್ಯ ಪೂರ್ತಿ ಮರೆ. ಈ ಆಟದ ತಾಣಗಳಲ್ಲೊಂದಾದ ಡಸ್ಟ್ 2 ನಕ್ಷೆಯ ಮರಳುಬಣ್ಣದ ಗೋಡೆಗಳ ಮೇಲೆ ಹಳದಿ ಗೆರೆ ಕರಗಿಹೋಗುತ್ತದೆ. ಹಸಿರುನೀಲಿ ಎದ್ದು ಕಾಣುತ್ತದೆ. ಆಲ್ಫಾ ಇಳಿಸಿದರೆ ದೂರದ ಎದುರಾಳಿಯ ತಲೆ ಗೆರೆಯ ಹಿಂದೆ ಅಡಗದು, ಆದರೆ ಗಡಿಬಿಡಿಯಲ್ಲಿ ಗೆರೆಯೇ ಕಣ್ತಪ್ಪುವುದುಂಟು. ಕೆಂಪು-ಹಸಿರು ವರ್ಣಾಂಧತೆ ಇರುವವರಿಗೆ ಬಣ್ಣದ ಆಯ್ಕೆ ಅಲಂಕಾರವಲ್ಲ, ಅಗತ್ಯ. ಬಣ್ಣ ಬದಲಾದರೂ ಗುಂಡಿನ ಚದುರುವಿಕೆ ಬದಲಾಗದು.