ಸಂತೆಯ ಮರುದಿನ

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳ ಅಂಗಳದಲ್ಲಿ ನಡೆಯುವ ಮಕ್ಕಳ ಸಂತೆಯನ್ನು ನೋಡದ ಊರು ಈಗ ಅಪರೂಪ. ಗೋಣಿಚೀಲ ಹಾಸಿ, ಕೊತ್ತಂಬರಿ ಸಿವುಡುಗಳನ್ನು ಸಾಲಾಗಿಟ್ಟು, ನಿಂಬೆಹಣ್ಣನ್ನು ನಾಲ್ಕು ನಾಲ್ಕರ ಗುಡ್ಡೆ ಮಾಡಿ, ಐದನೆಯ ಇಯತ್ತೆಯ ಮಕ್ಕಳು ದೊಡ್ಡವರ ಧಾಟಿಯಲ್ಲೇ ಕೂಗುತ್ತಾರೆ. ಬೋಣಿಗೆ ಮುಖ್ಯೋಪಾಧ್ಯಾಯರದು. ಚೌಕಾಸಿ ಮಾಡುವ ತಾಯಂದಿರು, ಕೊಸರು ಕೇಳುವ ಅಜ್ಜಿಯರು ಎಲ್ಲರೂ ಇರುತ್ತಾರೆ. ಮಧ್ಯಾಹ್ನದೊಳಗೆ ಸರಕು ಬಹುಪಾಲು ಖಾಲಿ. ಸಂಜೆ ಒಟ್ಟು ಎಷ್ಟು ಸಾವಿರದ ವ್ಯಾಪಾರವಾಯಿತೆಂದು ಮೈಕಿನಲ್ಲಿ ಹೇಳಿ, ಫೋಟೋ ತೆಗೆಸಿ, ಚಪ್ಪರ ಬಿಚ್ಚುತ್ತಾರೆ. ಮರುದಿನ ಎಂದಿನಂತೆ ಪಾಠ. ಯಾವುದಕ್ಕೆ ಎಷ್ಟು ಬಿತ್ತು, ಏನು ಉಳಿಯಿತು, ಏಕೆ ಉಳಿಯಿತು ಎಂಬ ಮಾತನ್ನು ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಇದು ಮೇಷ್ಟರ ಸೋಮಾರಿತನವಲ್ಲ. ಮಕ್ಕಳ ಕೈಗೆ ದುಡಿಮೆ, ವ್ಯಾಪಾರ ಕೊಟ್ಟ ನಮ್ಮ ಯೋಜನೆಗಳ ಚರಿತ್ರೆ ನೋಡಿದರೆ ಬಹುತೇಕ ಸಲ ಕೈಜಾರಿದ್ದು ಇದೇ ಮರುದಿನ. ಹಣವೇ ಮುಖ್ಯ ಎಂದವರೂ ಆ ಮರುದಿನವನ್ನು ಕಳೆದುಕೊಂಡರು, ಹಣದ ಮಾತೇ ಬೇಡ ಎಂದವರೂ ಕಳೆದುಕೊಂಡರು.

ಕಳೆದುಕೊಂಡದ್ದು ಏನೆಂದು ತಿಳಿಯಲು ಎರಡು ಗೋಣಿಚೀಲಗಳ ಲೆಕ್ಕ ಸಾಕು. ಒಬ್ಬ ಹುಡುಗಿ ಮನೆಯ ಹಿತ್ತಲಿನಿಂದ 20 ಸಿವುಡು ಸೊಪ್ಪು ತಂದು ಐದೈದು ರೂಪಾಯಿಗೆ ಎಲ್ಲವನ್ನೂ ಮಾರಿದಳೆನ್ನಿ. ಪಕ್ಕದ ಹುಡುಗ ಹಿಂದಿನ ದಿನದ ಸಂತೆಯಲ್ಲಿ ಮೂರು ರೂಪಾಯಿಗೊಂದರಂತೆ 20 ಸಿವುಡು ಕೊಂಡು, ಅದೇ ಐದು ರೂಪಾಯಿಗೆ 15 ಮಾರಿದ. ಉಳಿದ ಐದು ಬಿಸಿಲಿಗೆ ಬಾಡಿದವು. ಹಲಗೆಯ ಮೇಲೆ ಅವಳ ಹೆಸರಿನ ಮುಂದೆ 100, ಅವನ ಮುಂದೆ 75. ಅಸಲು 60 ಕಳೆದರೆ ಅವನ ಕೈಯಲ್ಲಿ ಉಳಿದದ್ದು ಹದಿನೈದೇ ರೂಪಾಯಿ. ಚಪ್ಪಾಳೆ ಅವಳಿಗೆ. ಆದರೆ ಅವಳ 100ರಲ್ಲಿ ಬೀಜದ ದುಡ್ಡು, ನೀರು, ನಸುಕಿನಲ್ಲೆದ್ದು ಸೊಪ್ಪು ಕಿತ್ತು ಬಾಳೆನಾರಿನಲ್ಲಿ ಕಟ್ಟಿದ ತಾಯಿಯ ಕೂಲಿ ಎಲ್ಲವೂ ಅಡಗಿವೆ. ಅದನ್ನು ಲಾಭ ಎಂದು ಬರೆದ ಕ್ಷಣವೇ ಶಾಲೆ ಒಂದು ತಪ್ಪು ಪಾಠ ಹೇಳಿತು: ಹೆಂಗಸಿನ ಕೆಲಸಕ್ಕೆ ಬೆಲೆಯಿಲ್ಲ, ಹೊಲದಿಂದ ಬಂದದ್ದು ಪುಕ್ಕಟೆ. ರೈತ ತನ್ನ ಬೆಳೆಯ ಖರ್ಚು ಲೆಕ್ಕ ಹಾಕುವಾಗ ಮನೆಮಂದಿಯ ದುಡಿಮೆಯನ್ನು ಬಿಟ್ಟುಬಿಡುವ ಹಳೆಯ ಅಭ್ಯಾಸಕ್ಕೆ ಇಲ್ಲಿಂದಲೇ ತರಬೇತಿ. ಐದು ಸಿವುಡು ಬಾಡಿಸಿಕೊಂಡ ಹುಡುಗನೇ ಅಂದು ಸಂತೆ ಎಂದರೇನೆಂದು ಕಂಡವನು. ಅವನನ್ನು ಕೂರಿಸಿ ಕೇಳುವವರು ಮಾತ್ರ ಇರಲಿಲ್ಲ.

ಎಷ್ಟೋ ಶಾಲೆಗಳು ಈ ಕಾರ್ಯಕ್ರಮವನ್ನು ‘ಮಕ್ಕಳ ಸಂತೆ ಮತ್ತು ಮೆಟ್ರಿಕ್ ಮೇಳ’ ಎಂದೇ ಕರೆಯುತ್ತವೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆಯಾಯಿತು. 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಸೇರು, ಪಾವು, ಮಣಗಳ ಜಾಗಕ್ಕೆ ಕಿಲೋ, ಲೀಟರುಗಳು ಬಂದವು. ಮಕ್ಕಳ ಬಾಯಿಂದ ಹೊಸ ಅಳತೆ ಮನೆಗೆ ಹೋಗಲಿ ಎಂಬ ಆ ಕಾಲದ ಆಸೆಯ ಗುರುತು ಹೆಸರಿನಲ್ಲಿ ಉಳಿದಂತೆ ಕಾಣುತ್ತದೆ. ಅಳತೆ ಕಲಿಸುವುದೇ ಉದ್ದೇಶವಾದರೆ ತೂಗಿ ಕೊಟ್ಟಲ್ಲಿಗೆ ಕೆಲಸ ಮುಗಿಯಿತು, ಸರಿ. ಆದರೆ ಅದಕ್ಕೂ ಬಹಳ ಹಿಂದೆಯೇ ನಮ್ಮ ನಾಡಿನಲ್ಲಿ ಬೇರೆ ಮಾದರಿಯೊಂದಿತ್ತು. 1904ರ ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂದ ಮರುವರ್ಷ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾಯಿತು. ಆ ಕಾಯ್ದೆಯಲ್ಲಿ ಪ್ರತಿ ಸಂಘದ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಲೇಬೇಕೆಂಬ ಕಟ್ಟಳೆಯಿತ್ತು. ಅಂದರೆ ಮರುದಿನವನ್ನು ಯಾರ ಮರ್ಜಿಗೂ ಬಿಡದೆ ಕಾನೂನಿನಲ್ಲೇ ಹೆಣೆದಿದ್ದರು. ಮುಂದೆ ಶಾಲೆ ಕಾಲೇಜುಗಳಲ್ಲಿ ನೋಟುಬುಕ್ಕು, ಪೆನ್ನು ಮಾರಿದ ವಿದ್ಯಾರ್ಥಿ ಸಹಕಾರಿ ಅಂಗಡಿಗಳೂ ಇದೇ ಬಳ್ಳಿಯ ಕಾಯಿ. ಅಂಗಡಿ ಚಿಕ್ಕದು, ಷೇರು ಚಿಕ್ಕದು, ಆದರೂ ಲೆಕ್ಕ ಓದಲು ಸರ್ವಸದಸ್ಯರ ಸಭೆ ಸೇರಲೇಬೇಕು.

ಇದಕ್ಕಿಂತ ದೊಡ್ಡ ಪ್ರಯೋಗ ನಡೆದದ್ದು ವಾರ್ಧಾದಲ್ಲಿ. 1937ರ ಅಕ್ಟೋಬರ್ 22 ಮತ್ತು 23ರಂದು ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಅಲ್ಲಿ ಸೇರಿದ ಶಿಕ್ಷಣ ಸಮ್ಮೇಳನ, ಏಳು ವರ್ಷದ ಕಡ್ಡಾಯ ಶಿಕ್ಷಣ ಮಾತೃಭಾಷೆಯಲ್ಲಿ, ಒಂದು ಕಸುಬಿನ ಸುತ್ತ ನಡೆಯಬೇಕೆಂದು ನಿರ್ಣಯಿಸಿತು. ಮಕ್ಕಳು ಮಾಡಿದ ವಸ್ತುಗಳ ಮಾರಾಟದಿಂದ ಕ್ರಮೇಣ ಮೇಷ್ಟರ ಸಂಬಳ ಹುಟ್ಟಬೇಕೆಂಬ ನಿರೀಕ್ಷೆಯೂ ಆ ನಿರ್ಣಯದಲ್ಲಿತ್ತು. ಗಾಂಧೀಜಿಗೆ ಈ ಸ್ವಾವಲಂಬನೆಯೇ ಇಡೀ ಯೋಜನೆಯ ಒರೆಗಲ್ಲು. ಸಮ್ಮೇಳನ ನೇಮಿಸಿದ ಜಾಕಿರ್ ಹುಸೇನ್ ಸಮಿತಿ ಡಿಸೆಂಬರ್‌ನಲ್ಲೇ ವರದಿ ಕೊಟ್ಟಿತು. ಐದೂವರೆ ಗಂಟೆಯ ಶಾಲಾದಿನದಲ್ಲಿ 3 ಗಂಟೆ 20 ನಿಮಿಷ ಕಸುಬಿಗೆ, ಮಾತೃಭಾಷೆಗೆ 40 ನಿಮಿಷ. 1938ರ ಫೆಬ್ರವರಿಯಲ್ಲಿ ಹರಿಪುರ ಕಾಂಗ್ರೆಸ್ ಇದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು.

ನೂಲುವ ತಕಲಿ ಹಿಡಿದ ಮಗುವಿನ ಕೆಲಸವನ್ನು ಹತ್ತಿರದಿಂದ ನೋಡಿದರೆ ಯೋಜನೆಯ ಚೆಲುವು ತಿಳಿಯುತ್ತದೆ. ಹಂಜಿಯನ್ನು ತೂಗಿ ಕೈಗೆ ಕೊಡುತ್ತಾರೆ. ನೂತ ಎಳೆಯನ್ನು ನಾಲ್ಕು ಅಡಿ ಸುತ್ತಳತೆಯ ಪರತೆಗೆ ಸುತ್ತುತ್ತಾರೆ. ಒಂದು ಸುತ್ತಿಗೆ ಒಂದು ತಾರು, 160 ತಾರಿಗೆ ಒಂದು ಲಟ್ಟಿ, ನಾಲ್ಕು ಲಟ್ಟಿಗೆ ಒಂದು ಗುಂಡಿ. ಆಮೇಲೆ ನೂಲಿನ ತೂಕ. ಕೊಟ್ಟ ಹಂಜಿಯ ತೂಕದಲ್ಲಿ ಬಂದ ನೂಲಿನ ತೂಕ ಕಳೆದರೆ ಪೋಲಾದದ್ದೆಷ್ಟು ಗೊತ್ತಾಗುತ್ತದೆ. ಉದ್ದಕ್ಕೂ ತೂಕಕ್ಕೂ ಇರುವ ಸಂಬಂಧದಿಂದ ನೂಲಿನ ನಂಬರು ಗೊತ್ತಾಗುತ್ತದೆ. ಇವತ್ತು ಎಳೆ ಏಕೆ ಪದೇ ಪದೇ ತುಂಡಾಯಿತು? ಹಂಜಿ ಸರಿಯಿರಲಿಲ್ಲವೋ, ಬೆರಳಿನ ಹುರಿ ಹೆಚ್ಚಾಯಿತೋ? ಭಾಗಾಕಾರ, ದಶಾಂಶ, ಹತ್ತಿಯ ತಳಿ, ಮಳೆ, ಪೇಟೆ ಎಲ್ಲವೂ ಈ ಪ್ರಶ್ನೆಯ ಬೆನ್ನಿಗೇ ಬರುತ್ತವೆ. ಕಸುಬು ಪಾಠವಾಗುವುದು ತಕಲಿ ತಿರುಗುವಾಗಲ್ಲ, ನಿಂತ ಮೇಲೆ.

ಆದರೆ ಸಂಬಳದ ನಿರೀಕ್ಷೆ ಜೊತೆಗಿದ್ದಾಗ ತಕಲಿ ನಿಲ್ಲಿಸುವ ಧೈರ್ಯ ಯಾವ ಮೇಷ್ಟರಿಗಿರುತ್ತದೆ? ಲೆಕ್ಕ ಓದುತ್ತ ಕುಳಿತ ಅರ್ಧ ಗಂಟೆ ಎಂದರೆ ಅರ್ಧ ಗಂಟೆಯ ನೂಲು ನಷ್ಟ. ಈ ಅಪಾಯವನ್ನು ಮೊದಲು ಕಂಡವರು ವಿರೋಧಿಗಳಲ್ಲ, ಜಾಕಿರ್ ಹುಸೇನರೇ. ಸ್ವಾವಲಂಬನೆಗೆ ವಿಪರೀತ ಒತ್ತು ಕೊಟ್ಟರೆ ಮೇಷ್ಟರು ಬಡ ಹುಡುಗರ ದುಡಿಮೆ ಹಿಂಡುವವರಾದಾರು, ಆಗ ತಕಲಿ ಪುಸ್ತಕಕ್ಕಿಂತ ಕೆಟ್ಟದ್ದಾದೀತು ಎಂಬ ಅರ್ಥದ ಮಾತನ್ನು ಅವರು ಅದೇ ಸಮ್ಮೇಳನದಲ್ಲಿ ಆಡಿದರು. ಶಾಲೆಯ ಸರಕು ಕಸುಬುದಾರರ ಹೊಟ್ಟೆಯ ಮೇಲೆ ಹೊಡೆಯುತ್ತದೆಂದು ಅರ್ಥಶಾಸ್ತ್ರಜ್ಞ ಕೆ. ಟಿ. ಷಾ ವಾದಿಸಿದರು. ಸಮಿತಿಯ ವರದಿಯೂ, ಯೋಜನೆ ತನ್ನ ಖರ್ಚು ತಾನೇ ಹುಟ್ಟಿಸದಿದ್ದರೂ ಶಿಕ್ಷಣವಾಗಿ ಅದು ಒಪ್ಪತಕ್ಕದ್ದೇ ಎಂದು ನಡುದಾರಿ ಹಿಡಿಯಿತು. ಆ ಸೂಕ್ಷ್ಮವನ್ನು ಉಳಿಸಿಕೊಳ್ಳಲು ಕಾಲವಾದರೂ ಬೇಕಿತ್ತು. 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು, ಪ್ರಾಂತಗಳಲ್ಲಿ ಆಗತಾನೆ ಚಿಗುರಿದ್ದ ಶಾಲೆಗಳು ಆಸರೆ ಕಳೆದುಕೊಂಡವು. 1944ರ ಸಾರ್ಜೆಂಟ್ ವರದಿ, ಮೂಲ ಶಿಕ್ಷಣವೆಂದು ಹೆಸರಾದ ಈ ಯೋಜನೆಯ ತತ್ವವನ್ನು ಒಪ್ಪಿಕೊಂಡರೂ, ಮಾರಾಟದ ಹಣದಿಂದ ಹೆಚ್ಚೆಂದರೆ ಕಸುಬಿನ ಸಾಮಾನು ಸಲಕರಣೆಗಳ ಖರ್ಚು ಹುಟ್ಟಬಹುದು, ಅದಕ್ಕಿಂತ ಹೆಚ್ಚು ಬಯಸಬಾರದು ಎಂದು ಗೆರೆ ಎಳೆಯಿತು.

ಆ ಗೆರೆ ನ್ಯಾಯವಾದದ್ದೇ. ತೊಂದರೆ ಬಂದದ್ದು ನಂತರ. ಹಣ ಹುಟ್ಟಬೇಕಿಲ್ಲ ಎಂಬ ಮಾತು ಬರಬರುತ್ತ ಹಣದ ಲೆಕ್ಕವೇ ಬೇಕಿಲ್ಲ ಎಂದಾಯಿತು. 1964–66ರ ಕೊಠಾರಿ ಆಯೋಗ ‘ಕಾರ್ಯಾನುಭವ’ ಎಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನು ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಮಾಡಿತು. ಹೆಸರು ಬೆಳೆದಷ್ಟೂ ಕೆಲಸ ಸಣ್ಣದಾಯಿತು. ವೇಳಾಪಟ್ಟಿಯಲ್ಲಿ ವಾರಕ್ಕೊಂದೆರಡು ಪೀರಿಯಡ್ಡು, ಕೊನೆಗೆ ಅಂಕಪಟ್ಟಿಯಲ್ಲೊಂದು ಗ್ರೇಡು. ಮೇಣದ ಬತ್ತಿ ಮಾಡಿದರು, ಸೀಮೆಸುಣ್ಣ ಮಾಡಿದರು. ಮೇಣ ಎಷ್ಟು ಕೊಂಡೆವು, ಎಷ್ಟು ಬತ್ತಿ ಸೀಳಿ ಹಾಳಾದವು ಎಂದು ಬರೆದಿಟ್ಟ ವಹಿ ಎಲ್ಲಿ? ಮಾರ್ಚ್ ಬಂದಾಗ ಪೇಟೆಯಿಂದ ಕೊಂಡುತಂದ ‘ಮಾಡೆಲ್’ಗಳನ್ನು ಒಪ್ಪಿಸುವ ಪದ್ಧತಿಗೆ ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಗಾದೆಯೂ ಒಪ್ಪುವುದಿಲ್ಲ, ಆ ಗಾದೆಯವನು ಮೂರು ಮೊಳವಾದರೂ ತಾನೇ ನೇಯ್ದಿದ್ದ.

ಲೆಕ್ಕವನ್ನು ಕೊನೆತನಕ ಬಿಡದ ಮಾದರಿ ಹೊರಗೂ ಉಂಟು. ಅಮೆರಿಕದ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ 1919ರಲ್ಲಿ ಉದ್ಯಮಿಗಳು ಶುರುಮಾಡಿದ ಜೂನಿಯರ್ ಅಚೀವ್‌ಮೆಂಟ್ ಸಂಸ್ಥೆಯ ವಿದ್ಯಾರ್ಥಿ ಕಂಪನಿಗಳಲ್ಲಿ ನನಗೆ ಹಿಡಿಸಿದ್ದು ಲಾಭದ ಭಜನೆಯಲ್ಲ, ಮುಕ್ತಾಯದ ವಿಧಿ. ಹುಡುಗರು ಸಣ್ಣ ಷೇರು ಮಾರಿ ಬಂಡವಾಳ ಕೂಡಿಸುತ್ತಾರೆ, ಪದಾಧಿಕಾರಿಗಳನ್ನು ಆರಿಸುತ್ತಾರೆ, ಏನಾದರೊಂದು ಮಾಡಿ ಮಾರುತ್ತಾರೆ. ಅವಧಿ ಮುಗಿದಾಗ ಕಂಪನಿಯನ್ನು ವಿಸರ್ಜಿಸಿ, ಷೇರುದಾರರಿಗೆ ವರದಿ ಒಪ್ಪಿಸಿ, ಉಳಿದದ್ದನ್ನು ಹಂಚುತ್ತಾರೆ. ಮುಳುಗಿದ್ದರೆ ಮುಳುಗಿತೆಂದು ಹೇಳಬೇಕು. ನಮ್ಮಲ್ಲಿ 2021ರಲ್ಲಿ ದಿಲ್ಲಿ ಸರ್ಕಾರ ‘ಬಿಸಿನೆಸ್ ಬ್ಲಾಸ್ಟರ್ಸ್’ ಹೆಸರಿನಲ್ಲಿ 11 ಮತ್ತು 12ನೆಯ ತರಗತಿಯ ಮಕ್ಕಳಿಗೆ ತಲಾ 2000 ರೂಪಾಯಿ ಬಂಡವಾಳ ಕೊಟ್ಟಿತು. ಒಳ್ಳೆಯ ಹೆಜ್ಜೆ. ಆದರೆ ಅದಕ್ಕೆ ಟಿವಿ ಕಾರ್ಯಕ್ರಮವೂ ಅಂಟಿಕೊಂಡಿತು. ಟಿವಿಗೆ ಬೇಕಾದದ್ದು ಹೊಳೆಯುವ ಉಪಾಯ ಮತ್ತು ಗೆದ್ದವರ ಮುಖ. ಸೋತ ತಂಡದ ಖರ್ಚಿನ ಪಟ್ಟಿಗೆ ಪ್ರೇಕ್ಷಕರಿಲ್ಲ.

ಸಂತೆಯ ಮರುದಿನ ಲೆಕ್ಕ ಬಿಚ್ಚಬೇಕೆಂಬ ಮಾತಿಗೆ ಬರುವ ಆಕ್ಷೇಪಗಳಲ್ಲಿ ತೂಕವಿರುವವು ಎರಡು. ಮಕ್ಕಳ ಸಂತೆ ಒಂದು ಹಬ್ಬ, ಅದಕ್ಕೆ ಜಮಾಖರ್ಚಿನ ವಹಿ ಕಟ್ಟಿ ನಲಿವು ಕೆಡಿಸಬೇಡಿ ಎನ್ನುವುದು ಮೊದಲನೆಯದು. ಹಬ್ಬದ ದಿನ ವಹಿ ತೆರೆಯಬೇಕೆಂದು ಯಾರೂ ಹೇಳುತ್ತಿಲ್ಲ. ಕೇಳುತ್ತಿರುವುದು ಮರುದಿನದ ಒಂದು ಪೀರಿಯಡ್ಡನ್ನು. ಗಣಿತದ ಪುಸ್ತಕದಲ್ಲಿ ಲಾಭ ನಷ್ಟದ ಲೆಕ್ಕಗಳಿಗೆ ಊರು ಕೇರಿಯಿಲ್ಲದ ವ್ಯಾಪಾರಿಗಳನ್ನು ಹುಟ್ಟಿಸುವಾಗ, ನಿನ್ನೆ ನಿಜವಾಗಿ ಮಾರಿ ಬಂದ ಮೂವತ್ತು ವ್ಯಾಪಾರಿಗಳು ಎದುರಿಗೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಲೆಕ್ಕ ಬಿಚ್ಚಿದರೆ ಬಡತನವೂ ಬಿಚ್ಚಿಕೊಳ್ಳುತ್ತದೆ. ತೋಟವಿರುವ ಮನೆಯ ಮಗು ಗೆಲ್ಲುತ್ತದೆ, ಕೂಲಿಯವರ ಮಗು ಸಾಲ ಮಾಡಿ ಸರಕು ತಂದದ್ದು ಎಲ್ಲರಿಗೂ ತಿಳಿಯುತ್ತದೆ. ನಿಜ. ಆದರೆ ಬರೀ ಮಾರಾಟದ ಮೊತ್ತ ಕೂಗುವ ಈಗಿನ ಪದ್ಧತಿಯಲ್ಲೂ ಗೆಲ್ಲುವುದು ತೋಟದ ಮನೆಯೇ, ಅದೂ ತನ್ನ ಜಾಣತನದಿಂದ ಗೆದ್ದೆನೆಂಬ ಭ್ರಮೆಯ ಸಮೇತ. ಈ ತೊಡಕಿಗೆ ಹಳೆಯ ಸಹಕಾರಿ ದಾರಿಯೇ ಮೇಲು. ತರಗತಿಗೆ ಒಂದೇ ಅಂಗಡಿ, ಸಮನಾದ ಚಿಕ್ಕ ಷೇರು, ಹಿತ್ತಲಿನ ಸೊಪ್ಪಿಗೂ ಸಂತೆಯ ದರ ಕಟ್ಟಿ ತಂದವರಿಗೆ ಚೀಟಿ. ಆಗ ಬಾಡಿದ ಐದು ಸಿವುಡು ಒಬ್ಬ ಹುಡುಗನ ಸೋಲಲ್ಲ, ಇಡೀ ತರಗತಿಯ ಲುಕ್ಸಾನು. ಮುಂದಿನ ವರ್ಷ ಒದ್ದೆ ಗೋಣಿ ಹಾಸಬೇಕೋ, ಹೊತ್ತು ಏರುವ ಮೊದಲೇ ದರ ಇಳಿಸಬೇಕೋ ಎಂದು ಮಕ್ಕಳೇ ಜಗಳಾಡಲಿ.