ಸವೆದು ಕಾಯುವ ಭಾಗಗಳು: ಪೊಳಲಿ ಪರಿಸರದ ಹಳೆಯ ಕಾರುಗಳ ಎಂಜಿನ್ ಕುರಿತು

ಫಲ್ಗುಣಿ ನದಿಯ ದಂಡೆಯ ಪೊಳಲಿಯಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲ. ಆದರೂ ಇಲ್ಲಿನ ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಎಂಜಿನ್ ಬ್ಲಾಕಿನಲ್ಲಿ ಕೋರ್ ಪ್ಲಗ್ ಎಂಬ ದುಂಡಗಿನ ತಗಡಿನ ಮುಚ್ಚಳಗಳಿವೆ. ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಇವು ಹೊರಚಿಮ್ಮಿ ಬ್ಲಾಕನ್ನು ಉಳಿಸಲೆಂದೇ ಇರುವುವೆಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಬ್ಲಾಕನ್ನು ಎರಕ ಹೊಯ್ಯುವಾಗ ನೀರಿನ ದಾರಿಗಾಗಿ ಒಳಗಿಟ್ಟ ಮರಳಿನ ಅಚ್ಚನ್ನು ಹೊರತೆಗೆಯಲು ಬೇಕಾದ ತೂತುಗಳನ್ನು ಇವು ಮುಚ್ಚುತ್ತವೆ.

ನಮ್ಮಲ್ಲಿ ಇವನ್ನು ಕೆಡಿಸುವುದು ತುಕ್ಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೃದು, ತುಸು ಆಮ್ಲೀಯ. ಪಾತ್ರೆಯಲ್ಲಿ ಸುಣ್ಣ ಕಟ್ಟದ ಈ ನೀರು ರೇಡಿಯೇಟರಿಗೆ ಒಳ್ಳೆಯದೆಂದೇ ತೋರುತ್ತದೆ. ಆದರೆ ಲೋಹದ ಮೇಲೆ ತೆಳುವಾಗಿ ಕೂತು ಅದನ್ನು ಕಾಯಬಲ್ಲ ಪದರವೂ ಆಗ ಕಟ್ಟುವುದಿಲ್ಲ. ನೀರು ನೇರವಾಗಿ ಕಬ್ಬಿಣವನ್ನೇ ತಿನ್ನುತ್ತದೆ. ದಪ್ಪ ಬ್ಲಾಕಿಗಿಂತ ಮೊದಲು ತೆಳ್ಳಗಿನ ಪ್ಲಗ್ ತೂತಾಗುತ್ತದೆ. ಇದನ್ನು ತ್ಯಾಗವೆನ್ನಲು ನಾನು ಒಪ್ಪುವುದಿಲ್ಲ. ಪ್ಲಗ್ ಸವೆದ ಮಾತ್ರಕ್ಕೆ ಬ್ಲಾಕಿನ ತುಕ್ಕು ಕಡಿಮೆಯಾಗದು; ಸೋರಿ ಎಚ್ಚರಿಸುವುದಷ್ಟೇ ಅದರ ಉಪಕಾರ.

ನಿಜವಾಗಿ ತಾನು ಕರಗಿ ಇನ್ನೊಂದನ್ನು ಕಾಯುವುದು ಸತು. 1824ರಲ್ಲಿ ಹಂಫ್ರಿ ಡೇವಿ ಹಡಗುಗಳ ತಾಮ್ರದ ಹೊದಿಕೆಗೆ ಸತು, ಕಬ್ಬಿಣಗಳ ತುಂಡು ಜೋಡಿಸುವ ಉಪಾಯ ಸೂಚಿಸಿದರು. ತಾಮ್ರವೇನೋ ಉಳಿಯಿತು, ಆದರೆ ಕರಗುವ ತಾಮ್ರದ ವಿಷವಿಲ್ಲದೆ ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟಿಕೊಂಡವು. ಉಕ್ಕಿನ ಮೀನುಗಾರಿಕೆ ಬೋಟುಗಳ ತಳಕ್ಕೆ ಇಂದು ಸತು ಜೋಡಿಸುವುದೂ ಅದೇ ತತ್ತ್ವದ ಮೇಲೆ. ಸತುವಿನ ಪ್ರಮಾಣಿತ ವಿಭವ −0.76 ವೋಲ್ಟ್, ಕಬ್ಬಿಣದ್ದು −0.44, ಎರಡೂ ಒಂದಕ್ಕೊಂದು ತಾಗಿ ನೀರಿನಲ್ಲಿದ್ದರೆ ಸತುವೇ ಮೊದಲು ಕರಗುತ್ತದೆ. ಆದರೆ ಕಡಲ ನೀರಿನಷ್ಟು ಚೆನ್ನಾಗಿ ನಮ್ಮ ಬಾವಿನೀರು ವಿದ್ಯುತ್ತನ್ನು ಹರಿಸುವುದಿಲ್ಲ. ಹಾಗಾಗಿ ರೇಡಿಯೇಟರ್ ಮುಚ್ಚಳಕ್ಕೆ ತೂಗುಹಾಕಿದ ಸತುವಿನ ಕಡ್ಡಿಯ ರಕ್ಷಣೆ ಬ್ಲಾಕಿನ ಒಳಮೂಲೆಗಳನ್ನು ಮುಟ್ಟದು.

ಪದ್ಮಿನಿಯ ವಿಷಯ ಇನ್ನೂ ನಾಜೂಕು. ಅದರ ಬ್ಲಾಕ್ ಎರಕದ ಕಬ್ಬಿಣ, ಬ್ಲಾಕಿನ ಮೇಲೆ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ರೇಡಿಯೇಟರ್ ತಾಮ್ರ-ಹಿತ್ತಾಳೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ಅಂಶ ತೀರಿದರೆ ಕರಗಿದ ತಾಮ್ರ ಹೆಡ್ಡಿನ ಮೇಲೆ ಕೂತು ಗುಳಿ ತೋಡುತ್ತದೆ. ಅಗ್ಗದ ಪ್ಲಗ್ ಉಳಿದು ದುಬಾರಿ ಹೆಡ್ ಬಲಿಯಾಗುತ್ತದೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಪದ್ಮಿನಿಯದು ಅದಕ್ಕೂ ಬಹಳ ಮೊದಲು. ಇಂಥ ನಷ್ಟ ತುಂಬಿಕೊಳ್ಳುವುದು ಈಗ ಸುಲಭವಲ್ಲ.

ಈ ಕಾರುಗಳನ್ನು ಉಳಿಸಿಕೊಂಡವರು ಬಾವಿನೀರು ಬಿಟ್ಟು, ಬಟ್ಟಿ ಇಳಿಸಿದ ನೀರಿನಲ್ಲಿ ಬೆರೆಸಿದ ಕೂಲೆಂಟ್ ತುಂಬಿಸಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಎಂಜಿನ್ ಇಳಿಸಿದಾಗ, ಸೋರದಿದ್ದರೂ, ಎಲ್ಲ ಕೋರ್ ಪ್ಲಗ್‌ಗಳನ್ನು ಹೊಸದಾಗಿ ಹಾಕಿಸಬೇಕು. ಫ್ಲೈವೀಲ್ ಹಿಂದೆ ಪ್ಲಗ್ ಇರುವ ಎಂಜಿನ್ನುಗಳಲ್ಲಿ ಗಿಯರ್‌ಬಾಕ್ಸ್ ಕೂಡಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.